ಹೊತ್ತು ಯಾರದು?

ಸರದಿ ಅಂದರೇನು ಎಂದು ನಾನು ಕಲಿತದ್ದು ಶಾಲೆಯಲ್ಲಲ್ಲ, ನೀರಿನ ಟ್ಯಾಂಕರ್ ಬಂದು ನಿಲ್ಲುತ್ತಿದ್ದ ಬೇವಿನ ಮರದ ಕೆಳಗೆ. ಚಳ್ಳಕೆರೆ ತಾಲ್ಲೂಕಿನ ನಮ್ಮೂರಲ್ಲಿ ಮಳೆಗಿಂತ ಮಳೆಯ ಮಾತೇ ಹೆಚ್ಚು. ಬೇಸಿಗೆಯಲ್ಲಿ ಟ್ಯಾಂಕರ್ ಬರುವ ಎಷ್ಟೋ ಹೊತ್ತಿಗೆ ಮೊದಲೇ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂತಿರುತ್ತಿದ್ದವು. ಕೊಡದವರು ಮನೆಗೆಲಸಕ್ಕೆ ಹೋಗಿರುತ್ತಿದ್ದರು. ಯಾರೂ ಕಾವಲಿಲ್ಲದ ಆ ಸಾಲಿನಲ್ಲಿ ಇನ್ನೊಬ್ಬರ ಕೊಡ ಸರಿಸುವುದು ಸಣ್ಣ ತಪ್ಪಾಗಿರಲಿಲ್ಲ; ಅದಕ್ಕೆ ವಾರಗಟ್ಟಲೆ ಮಾತು ನಿಂತುಹೋಗುತ್ತಿತ್ತು.

ಆದರೆ ಒಂದು ದಿನ ಸಾಲು ತಾನಾಗಿಯೇ ಸರಿದದ್ದನ್ನೂ ನೋಡಿದ್ದೇನೆ. ಕೊನೆಯಲ್ಲಿ ಕೊಡ ಇಟ್ಟ ಹುಡುಗನನ್ನು ಕಂಡು ಮುಂದಿದ್ದ ಹೆಂಗಸೊಬ್ಬರು, "ಅವರ ಮನೇಲಿ ಸಾವಾಗೈತೆ, ಮೊದ್ಲು ಅವನು ಹಿಡಕಳ್ಳಿ" ಎಂದರು. ಒಬ್ಬೊಬ್ಬರಾಗಿ ತಮ್ಮ ಕೊಡ ಹಿಂದಕ್ಕೆಳೆದುಕೊಂಡರು. ಸರದಿ ಮುರಿಯಿತು, ಯಾರಿಗೂ ಅನ್ಯಾಯವಾಗಲಿಲ್ಲ.

ಇದೆಲ್ಲ ನೆನಪಾದದ್ದು ಕಳೆದ ಬೇಸಿಗೆಯಲ್ಲಿ, ನನ್ನದೇ ಒಂದು ಕೆಲಸದಿಂದ. ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟಿದೆ. ಫೆಲೋಶಿಪ್ಪಿನ ಬಾಕಿ ಒಟ್ಟಿಗೆ ಕೈಗೆ ಬಂದ ತಿಂಗಳು ಅವಳ ಮಗನನ್ನು ಬೆಂಗಳೂರಿಗೆ ಹತ್ತಿರದ ಒಂದು ಮನರಂಜನಾ ಪಾರ್ಕಿಗೆ ಕರೆದುಕೊಂಡು ಹೋದೆ. ರಜೆಯ ದಿನ, ಎಲ್ಲಿ ನೋಡಿದರೂ ಜನ. ಹುಡುಗನ ಮುಖ ಬಾಡುವುದನ್ನು ನೋಡಲಾರದೆ, ಹೆಚ್ಚು ದುಡ್ಡು ಕೊಟ್ಟು ಬೇಗ ಒಳಗೆ ಬಿಡುವ ಟಿಕೆಟ್ ತೆಗೆದುಕೊಂಡೆ. ಪಕ್ಕದ ಗೇಟಿನಿಂದ ನಾವು ಏರಿ ಹೋಗುವಾಗ ಕಂಬಿಯ ಆಚೆ ಯೂನಿಫಾರ್ಮಿನ ಮಕ್ಕಳು ಸಾಲಾಗಿ ನಿಂತಿದ್ದರು. ಯಾವುದೋ ಊರಿನ ಶಾಲಾ ಪ್ರವಾಸ. ನಾನೂ ಹಾಗೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೆಂಗಳೂರು ನೋಡಲು ಬಂದವನೇ. ಅವರು ನಮ್ಮನ್ನು ನೋಡಿದರು. ನಾನು ಫೋನ್ ನೋಡಿದೆ.

ಮೊಳಕಾಲ್ಮೂರಿಗೆ ಬಂದಾಗ ಹುಡುಗ ತಾತನಿಗೆ ಎಲ್ಲ ವರದಿ ಒಪ್ಪಿಸಿದ. ಅಕ್ಕನ ಮಾವ ರೇಷ್ಮೆ ಸೀರೆ ನೇಯುವವರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರು ಕೆಲಸ ನಿಲ್ಲಿಸಿ ಕೇಳಿದರು: "ದುಡ್ಡು ಕೊಟ್ಟು ಹೊತ್ತು ಕೊಂಡ್ಕಂಡ್ರಾ? ಆ ಹೊತ್ತು ಯಾರ್ದಪ್ಪಾ, ಪಾರ್ಕಿನೋರ್ದಾ, ನಿಂತಿದ್ದೋರ್ದಾ?"

ನಾನು ನಕ್ಕು ಸುಮ್ಮನಾದೆ. ಪ್ರಶ್ನೆ ಸುಮ್ಮನಾಗಲಿಲ್ಲ.

ಈ ವ್ಯಾಪಾರ ನಮ್ಮಲ್ಲೂ ಹೊಸದಲ್ಲ. ಬಿಡದಿ ಬಳಿ 2005ರಲ್ಲಿ ಶುರುವಾದ ವಂಡರ್‌ಲಾದಲ್ಲಿ ಫಾಸ್ಟ್ ಟ್ರ್ಯಾಕ್ ಟಿಕೆಟ್ ಇದೆ, ಪಕ್ಕದಲ್ಲೇ ಅವರದೇ ರೆಸಾರ್ಟ್ ಇದೆ. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನವೂ ಇದೆ, ದುಡ್ಡಿಲ್ಲದ ಸರ್ವದರ್ಶನವೂ ಇದೆ. ಆದರೆ ಇದು ಪೂರ್ತಿಯಾಗಿ ಬೆಳೆದು ನಿಂತಿರುವುದು ಅಮೆರಿಕದ ಫ್ಲೋರಿಡಾದಲ್ಲಿ. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಟಿಕೆಟ್ ಇದ್ದ ಎಲ್ಲರಿಗೂ ಉಚಿತ. 2021ರಲ್ಲಿ ಅದರ ಜಾಗಕ್ಕೆ ದುಡ್ಡು ಕೊಡುವ ವ್ಯವಸ್ಥೆ ಬಂತು. ಅದೇ ಊರಿನ ಯುನಿವರ್ಸಲ್ ಇನ್ನೊಂದು ದಾರಿ ಹಿಡಿಯಿತು: ತನ್ನ ಮೂರು ದುಬಾರಿ ಹೋಟೆಲುಗಳಲ್ಲಿ ತಂಗಿದವರಿಗೆ ಅಲ್ಲಿನ ಎರಡು ಹಳೆಯ ಪಾರ್ಕುಗಳಲ್ಲಿ ಸಾಲು ದಾಟುವ ಪಾಸ್ ಉಚಿತ. ಡಿಸ್ನಿ ತನ್ನ ಹೋಟೆಲಿನವರನ್ನು ಬೆಳಗ್ಗೆ 30 ನಿಮಿಷ ಮೊದಲೇ ಒಳಗೆ ಬಿಡುತ್ತದೆ. ಇನ್ನೂ ದುಬಾರಿ ಹೋಟೆಲಿನವರಿಗೆ ಕೆಲವು ರಾತ್ರಿ ಹೆಚ್ಚಿನ ಹೊತ್ತು. ಹಾಸಿಗೆ, ತಿಂಡಿ, ಈಜುಕೊಳಗಳ ಜೊತೆಗೆ ಈಗ ಪೈಪೋಟಿ ನಡೆಯುವುದು ಕಾಯದೇ ಇರುವುದರ ಮೇಲೆ.

ಇದನ್ನು ಸಮರ್ಥಿಸುವ ಮಾತುಗಳು ಹಗುರವಾದವಲ್ಲ. ರೈಲಿನಲ್ಲಿ ಎ.ಸಿ. ಬೋಗಿ ಇಲ್ಲವೇ? ಹೆಚ್ಚು ಕೊಡುವವರು ಇರುವುದರಿಂದಲೇ ಉಳಿದವರ ಟಿಕೆಟ್ ಅಗ್ಗವಾಗಿರಬಹುದಲ್ಲವೇ? ನಮ್ಮ ಪಕ್ಕದ ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ಮಾತನ್ನೂ ಎದುರಿಗಿಡಬಹುದು: 'ಮಾಡಿದಷ್ಟು ನೀಡು ಭಿಕ್ಷೆ.' ದುಡಿದು ತಂದ ದುಡ್ಡಿನಲ್ಲಿ ಒಬ್ಬ ತನ್ನ ಮಗುವಿಗೆ ಒಂದು ಗಂಟೆ ಉಳಿಸಿಕೊಟ್ಟರೆ ತಪ್ಪೇನು?

ಎ.ಸಿ. ಬೋಗಿಯ ಹೋಲಿಕೆ ಪೂರ್ತಿ ಕೂರುವುದಿಲ್ಲ. ಎ.ಸಿ. ಬೋಗಿಯೂ ಜನರಲ್ ಬೋಗಿಯೂ ಊರು ಮುಟ್ಟುವುದು ಒಂದೇ ಹೊತ್ತಿಗೆ. ಒಬ್ಬರ ತಂಪು ಇನ್ನೊಬ್ಬರ ರೈಲನ್ನು ತಡಮಾಡುವುದಿಲ್ಲ. ಆಟದಲ್ಲಿ ಹಾಗಲ್ಲ. ಒಂದು ಸುತ್ತಿಗೆ 24 ಸೀಟು ಅಂದುಕೊಳ್ಳಿ. ಅದರಲ್ಲಿ 8 ಪಕ್ಕದ ಗೇಟಿಗೆ ಹೋದರೆ ದೊಡ್ಡ ಸಾಲಿಗೆ ಉಳಿಯುವುದು 16. ನಾನು ಉಳಿಸಿದ ಹೊತ್ತು ಎಲ್ಲಿಂದಲೋ ಹುಟ್ಟಿದ್ದಲ್ಲ, ಕಂಬಿಯ ಆಚೆಯಿಂದ ಬಂದದ್ದು. 'ಮಾಡಿದಷ್ಟು' ಎನ್ನುವುದಾದರೆ ಬಿಸಿಲಲ್ಲಿ ನಿಂತದ್ದೂ ಒಂದು ಮಾಡಿದ್ದೇ.

ಸೀಟು ಪಾರ್ಕಿನದು, ಯಾರಿಗೆ ಬೇಕಾದರೂ ಮಾರಲಿ ಎನ್ನಬಹುದು. ಒಪ್ಪಿದೆ. ಸೀಟು ಅವರದೇ. ಆದರೆ ನಾನು ಕೊಂಡದ್ದು ಸೀಟನ್ನಲ್ಲ. ಅದು ನನ್ನ ಮಾಮೂಲಿ ಟಿಕೆಟ್ಟಿನಲ್ಲೇ ಇತ್ತು. ಕೊಂಡದ್ದು ಇನ್ನೊಬ್ಬರಿಗಿಂತ ಮೊದಲು ಎನ್ನುವುದನ್ನು. ಆ ಇನ್ನೊಬ್ಬರು ಇಲ್ಲದಿದ್ದರೆ ಈ ಸರಕಿಗೆ ಬೆಲೆಯೇ ಇಲ್ಲ. ಖಾಲಿ ಪಾರ್ಕಿನಲ್ಲಿ ಬೇಗ ಹೋಗುವ ಟಿಕೆಟ್ಟನ್ನು ಯಾರು ಕೊಳ್ಳುತ್ತಾರೆ? ಅಂದರೆ ಮಾರುವವನಿಗೆ ದೊಡ್ಡ ಸಾಲು ತೀರಾ ಚಿಕ್ಕದಾಗದೆ ಇರುವುದರಲ್ಲೇ ಲಾಭ. ಕಾಯುವವರು ಈ ಸರಕನ್ನು ತಯಾರಿಸುತ್ತಿದ್ದಾರೆ. ಕೂಲಿ ಮಾತ್ರ ಅವರಿಗಿಲ್ಲ.

ತತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡಲ್ 2012ರಲ್ಲಿ ಬಂದ, ದುಡ್ಡಿಗೆ ಸಿಗಬಾರದ ಸಂಗತಿಗಳ ಕುರಿತ ತನ್ನ ಪುಸ್ತಕವನ್ನು ಸಾಲು ದಾಟುವ ಚರ್ಚೆಯಿಂದಲೇ ಆರಂಭಿಸುತ್ತಾನೆ. ಸರದಿಯ ನೀತಿಯನ್ನು ಮಾರುಕಟ್ಟೆಯ ನೀತಿ ತಳ್ಳುತ್ತಿದೆ ಎನ್ನುವುದು ಅವನ ಚಿಂತೆ. ಬೇವಿನ ಮರದ ಕೆಳಗೆ ಬೆಳೆದವನಿಗೆ ಇನ್ನೊಂದು ಪ್ರಶ್ನೆ ಕಾಣುತ್ತದೆ: ದಾಟಲು ಅನುಮತಿ ಕೊಡುವವರು ಯಾರು? ಸಾವಿನ ಮನೆಯ ಹುಡುಗನಿಗೆ ದಾರಿ ಬಿಟ್ಟವರು ತಮ್ಮ ಹೊತ್ತನ್ನು ತಾವೇ ಕೊಟ್ಟರು, ಮುಖ ನೋಡಿ ಕೊಟ್ಟರು. ಪಾರ್ಕಿನಲ್ಲಿ ಕೊಟ್ಟವರೊಬ್ಬರು, ದುಡ್ಡು ತೆಗೆದುಕೊಂಡವರೊಬ್ಬರು. ಹೋಟೆಲಿನ ಸೌಲಭ್ಯವಾದಾಗ ಕೊಂಡವನಿಗೂ ತಾನು ಕೊಂಡೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಅತಿಥಿ ಸತ್ಕಾರ ಎಂಬ ಹೆಸರು ಬರುತ್ತದೆ. ನನಗಾದರೂ ಫೋನ್ ನೋಡುವಷ್ಟು ನಾಚಿಕೆಯಾಗಿತ್ತು. ಆ ಅತಿಥಿಗೆ ಅದೂ ಬೇಕಿಲ್ಲ.

ಆಟದ ಪಾರ್ಕಿಗೆ ಇಷ್ಟೆಲ್ಲ ಯಾಕೆ ಎಂದು ನನಗೂ ಅನ್ನಿಸಿತ್ತು. ಅಲ್ಲಿಗೆ ಹೋಗದಿದ್ದರೆ ಯಾರೂ ಸಾಯುವುದಿಲ್ಲ. ಕೆಲವು ವಾರಗಳಾದ ಮೇಲೆ ಹುಡುಗನಿಗೆ ಜ್ವರ ಬಂತು. ದವಾಖಾನೆಯ ಬೆಂಚಿನ ಮೇಲೆ ನನ್ನ ತೊಡೆಗೆ ಒರಗಿ ಕೂತಿದ್ದ. ಎದುರಿಗೆ ಕೂಸು ಎತ್ತಿಕೊಂಡ ತಾಯಿ, ಕೋಲು ಹಿಡಿದ ಅಜ್ಜ, ಇನ್ನೂ ಹತ್ತಾರು ಜನ. ಅವನು ಮೆಲ್ಲಗೆ ಕೇಳಿದ: "ಮಾಮ, ಇಲ್ಲಿ ಆ ಟಿಕೆಟ್ ಇಲ್ವಾ?"

ಅವನದೇನೂ ತಪ್ಪಿರಲಿಲ್ಲ. ಸಾಲು ಕಂಡ ಕಡೆ ಪಕ್ಕದ ಗೇಟು ಹುಡುಕುವುದನ್ನು ನಾನೇ ಕಲಿಸಿದ್ದೆ. ನನಗೆ ಕೊಡಗಳ ಸಾಲು ಕಲಿಸಿದ್ದನ್ನು ಒಂದೇ ಮಧ್ಯಾಹ್ನದಲ್ಲಿ ಅವನಿಗೆ ಉಲ್ಟಾ ಮಾಡಿ ಕಲಿಸಿದ್ದೆ.

"ಇಲ್ಲ ಕಣೋ, ಇಲ್ಲಿ ಎಲ್ಲರೂ ಕಾಯ್ಬೇಕು" ಎಂದೆ. ಹೇಳುವಾಗಲೇ ಅದು ಪೂರ್ತಿ ನಿಜವಲ್ಲ, ದುಡ್ಡಿದ್ದರೆ ಬೇರೆ ಆಸ್ಪತ್ರೆಗಳಿವೆ ಎಂದು ಗೊತ್ತಿತ್ತು. ಕೂಸಿನ ಅಳು ಜೋರಾಯಿತು. ನಮ್ಮ ಸರದಿ ಹತ್ತಿರ ಬಂದಾಗ ನಾನು ಆ ತಾಯಿಗೆ, "ನೀವು ಮೊದ್ಲು ಹೋಗ್ರಮ್ಮ" ಎಂದೆ. ಹುಡುಗ ನನ್ನ ಮುಖ ನೋಡಿದ. ನಾವು ಇನ್ನಷ್ಟು ಹೊತ್ತು ಕೂತೆವು.