ಮನೆಯಲ್ಲಿದ್ದೂ ಇಲ್ಲದವರು



ಹಿಂದೆ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಫೋನಿನ ಗಂಟೆ ಬಾರಿಸಿದರೆ ಕರೆದವರು ಯಾರೆಂದು ತಿಳಿಯಲು ಒಂದೇ ದಾರಿಯಿತ್ತು: ಎತ್ತಿ 'ಹಲೋ' ಎನ್ನುವುದು. ಬಂಧುವಾಗಲಿ, ಸಾಲ ಕೊಟ್ಟವನಾಗಲಿ, ಎಲ್ಲರಿಗೂ ಒಂದೇ ಸ್ವಾಗತ. ಆಮೇಲೆ ನಂಬರು ತೋರಿಸುವ ಪುಟ್ಟ ಪೆಟ್ಟಿಗೆ ಬಂತು. ಈಗ ಮೊಬೈಲಿನಲ್ಲಿ ಹೆಸರೇ ಮೂಡುತ್ತದೆ. ಹೆಸರು ನೋಡಿ ಎತ್ತದಿರುವುದು ತಪ್ಪೇ?

ಅಷ್ಟಕ್ಕೇ ತಪ್ಪೆನ್ನಲಾಗದು. ಕದ ತೆರೆಯುವ ಮೊದಲು ಕಿಟಕಿಯಿಂದ ನೋಡುವುದು ವಿವೇಕ. ಪೊಲೀಸರ ಸೋಗಿನಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ ಹಣ ಕೀಳುವವರಿರುವ ಈ ಕಾಲದಲ್ಲಿ, ಒಂಟಿಯಾಗಿರುವ ವೃದ್ಧರು ಗೊತ್ತಿಲ್ಲದ ನಂಬರನ್ನು ಎತ್ತದಿದ್ದರೆ ಯಾರೂ ದೂರಬಾರದು. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಊಟ, ಪ್ರಾರ್ಥನೆ, ರೋಗಿಯ ಆರೈಕೆಯ ಹೊತ್ತಿನಲ್ಲಿಯೂ ಫೋನು ಕಾಯಬಹುದು.

ಆದರೆ ಗೊತ್ತಿರುವ ಹೆಸರನ್ನು ಕಂಡು ಸುಮ್ಮನಾಗುವುದು ಬೇರೆ ಮಾತು. ಅಡಿಕೆಗೆ ಮದ್ದು ಬಿಟ್ಟವನಿಗೆ ಕೂಲಿ ಬಾಕಿಯಿದೆ. ಅವನ ಹೆಸರು ಕಂಡೊಡನೆ ಫೋನನ್ನು ಮಗುಚಿಡುತ್ತೇವೆ. ಪಾಲಿನ ವಿಷಯದಲ್ಲಿ ಮಾತು ಬಿಟ್ಟ ತಮ್ಮನ ಕರೆಗೂ ಅದೇ ಗತಿ. ಕರೆದವರು ಯಾರೆಂದು ಹೆಸರು ಹೇಳುತ್ತದೆ. ಯಾಕೆ ಕರೆದರೆಂದು ಹೇಳುವುದಿಲ್ಲ. ಸಾಲ ಕೇಳುತ್ತಾನೆಂದು ನಾವು ತೀರ್ಮಾನಿಸಿದವನು ತಾಯಿಯ ಕಾಯಿಲೆ ತಿಳಿಸಲು ಕರೆದಿರಬಹುದು. ಮಳೆಗಾಲದಲ್ಲಿ ಕರೆಂಟು ಹೋಗಿ, ಸಿಗ್ನಲಿಗಾಗಿ ಗುಡ್ಡ ಹತ್ತಿ ಕರೆದವನಿಗೆ ಇನ್ನೊಮ್ಮೆ ಕರೆಯಲು ಆಗದೇ ಹೋಗಬಹುದು. ಇನ್ನು ಮಗುವಿನ ಕೈಗೆ ಫೋನು ಕೊಟ್ಟು 'ಅಪ್ಪ ಮನೆಯಲ್ಲಿಲ್ಲ ಎನ್ನು' ಎಂದರೆ, ಮೌನವಿದ್ದದ್ದು ಸುಳ್ಳಾಗುತ್ತದೆ. ಮಗುವೂ ಅದನ್ನು ಕಲಿಯುತ್ತದೆ.

ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲಿ ದನಿಯನ್ನು ಉಕ್ಕಿನ ತಂತಿಯಲ್ಲಿ ಹಿಡಿದಿಡುವ ಯಂತ್ರವನ್ನು ರೂಪಿಸಿದರು. ಅದೇ ದಾರಿಯಲ್ಲಿ ಉತ್ತರಿಸುವ ಯಂತ್ರವೂ ವಾಯ್ಸ್ ಮೇಲ್ ಕೂಡ ಬಂದವು. ಮನೆಯಲ್ಲಿ ಇಲ್ಲದವರಿಗೂ ಮಾತು ತಲುಪಲಿ ಎಂಬುದು ಅವುಗಳ ಉದ್ದೇಶ. ಮನೆಯಲ್ಲಿರುವವನು ಅಡಗಲು ಅವನ್ನು ಬಳಸಿದರೆ ಉದ್ದೇಶವೇ ತಲೆಕೆಳಗಾಗುತ್ತದೆ.

ಸಂತ ಲೂಕರ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ನಡುರಾತ್ರಿಯ ಗೆಳೆಯನ ಸಾಮತಿಯನ್ನು ನೆನೆಯಿರಿ. ಒಳಗಿದ್ದವನಿಗೆ ಏಳಲು ಮನಸ್ಸಿರಲಿಲ್ಲ. ಬಾಗಿಲು ಹಾಕಿತ್ತು, ಮಕ್ಕಳು ಮಲಗಿದ್ದರು. ಆದರೂ ತನ್ನ ಕಷ್ಟವನ್ನು ಒಳಗಿನಿಂದಲೇ ಹೇಳಿದನು, ಇಲ್ಲದವನಂತೆ ನಟಿಸಲಿಲ್ಲ. ಹೊರಗಿದ್ದವನು ಬಿಡದೆ ಕೇಳಿದನು, ರೊಟ್ಟಿ ಪಡೆದನು.

ಎಲ್ಲ ಕರೆಗಳನ್ನೂ ಎತ್ತಲಾಗದು, ನಿಜ. ಎತ್ತದ ಕರೆಗೆ ಅಂದೇ ಮರಳಿ ಕರೆಯೋಣ. ಕೊಡಲಾಗದಿದ್ದರೆ 'ಆಗದು' ಎಂದು ಮೃದುವಾಗಿ ಹೇಳೋಣ. ಕೂಲಿ ಬಾಕಿಯಿದ್ದರೆ ಕೊಡುವ ದಿನವನ್ನು ತಿಳಿಸಿ, ಆ ದಿನವೇ ಕೊಡೋಣ. ಇಂದು ರಾತ್ರಿ ಕುಟುಂಬದ ಪ್ರಾರ್ಥನೆಗೆ ಮುನ್ನ ನಿಮ್ಮ ಮಿಸ್ಡ್ ಕಾಲ್‌ಗಳನ್ನೊಮ್ಮೆ ನೋಡಿರಿ. ಅಲ್ಲಿ ಯಾರು ಇನ್ನೂ ಉತ್ತರಕ್ಕಾಗಿ ಕಾಯುತ್ತಿದ್ದಾರೆ?