ಗುಣವಾದುದನ್ನು ಕಂಡವರ ವಾದ

ಕ್ರೈಸ್ತರ ಹೊಸ ಒಡಂಬಡಿಕೆಯ ಮೊದಲ ನಾಲ್ಕು ಗ್ರಂಥಗಳಾದ ಸುವಾರ್ತೆಗಳಲ್ಲಿ ಯೇಸು ರೋಗಿಗಳನ್ನು ಗುಣಪಡಿಸಿದ ಪ್ರಸಂಗಗಳನ್ನು ಓದುವ ಇಂದಿನ ಓದುಗನಿಗೆ ಅದು ನಡೆದದ್ದು ನಿಜವೇ ಎಂಬ ಪ್ರಶ್ನೆ ಮೊದಲು ಏಳುತ್ತದೆಯಾದರೂ, ಆ ಗ್ರಂಥಗಳೊಳಗಿನ ವಿರೋಧಿಗಳು ಇದನ್ನು ಕೇಳುವುದು ತೀರ ವಿರಳ. ಮಾರ್ಕನ ಮೂರನೆಯ ಅಧ್ಯಾಯದಲ್ಲಿ ಶಾಸ್ತ್ರಿಗಳು, ಅಂದರೆ ಯೆಹೂದ್ಯ ಧರ್ಮಶಾಸ್ತ್ರದ ಪಂಡಿತರು, ದೆವ್ವ ಬಿಟ್ಟುದನ್ನು ಅಲ್ಲಗಳೆಯದೆ, ಬಿಡಿಸಿದ ಶಕ್ತಿ ದೆವ್ವಗಳ ಒಡೆಯನಾದ ಬೆಲ್ಜೆಬೂಲನದೆಂದು ವಾದಿಸುತ್ತಾರೆ. ಲೂಕನ ಹದಿನೇಳನೆಯ ಅಧ್ಯಾಯದಲ್ಲಿ ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳ ಪೈಕಿ ತಿರುಗಿ ಬಂದವನು ಒಬ್ಬನೇ, ಅವನೂ ಪರಕೀಯನೆನಿಸಿದ ಸಮಾರ್ಯದವನು. ಸುವಾರ್ತೆಗಳ ಮುಂದಿನ ಗ್ರಂಥವಾದ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಲುಸ್ತ್ರ ಪಟ್ಟಣದ ಜನರಂತೂ ಕುಂಟನನ್ನು ನಡೆಸಿದ ಅಪೊಸ್ತಲರಾದ ಪೌಲ, ಬಾರ್ನಬರನ್ನು ದೇವರುಗಳೆಂದು ತಿಳಿದು ಬಲಿಗೆ ಹೋರಿಗಳನ್ನು ತಂದು, ಬಳಿಕ ಬೇರೆಯವರ ಮಾತಿಗೆ ಮರುಳಾಗಿ ಪೌಲನಿಗೇ ಕಲ್ಲೆಸೆಯುತ್ತಾರೆ.

ಮೇಲೆ ಹೇಳಿದ ವಿರಳ ಪ್ರಶ್ನೆ ಎದ್ದಿರುವುದು ಯೋಹಾನನ ಒಂಬತ್ತನೆಯ ಅಧ್ಯಾಯದಲ್ಲಿ. ಹುಟ್ಟುಕುರುಡನೊಬ್ಬನಿಗೆ ಸಬ್ಬತ್ ದಿನದಲ್ಲಿ, ಅಂದರೆ ಕೆಲಸ ನಿಷಿದ್ಧವಾದ ವಿಶ್ರಾಂತಿಯ ದಿನದಲ್ಲಿ, ದೃಷ್ಟಿ ಬಂದಾಗ, ಧರ್ಮಶಾಸ್ತ್ರದ ಕಟ್ಟುನಿಟ್ಟಿನ ಆಚರಣೆಗೆ ಹೆಸರಾದ ಫರಿಸಾಯರಲ್ಲೇ ಭಿನ್ನಾಭಿಪ್ರಾಯ ತಲೆದೋರುತ್ತದೆ. ಅವನು ಕುರುಡನಾಗಿದ್ದನೇ ಎಂದು ಸಂಶಯಿಸಿ ತಂದೆತಾಯಿಯನ್ನು ಕರೆಸಿದರೆ, ಅವರು ಸಭಾಮಂದಿರದಿಂದ ಬಹಿಷ್ಕಾರವಾದೀತೆಂಬ ಭಯದಿಂದ ಮಗನ ಕಡೆಗೇ ಬೆರಳು ತೋರಿಸುತ್ತಾರೆ. ಕೊನೆಗೆ ವಾದದಲ್ಲಿ ಮಣಿಯದ ಮಗನನ್ನೇ ಹೊರಗೆ ಹಾಕಲಾಗುತ್ತದೆ.

ಗುಣವಾದುದನ್ನು ಕಂಡವರ ನಡುವಿನ ಈ ಭಿನ್ನತೆ ಮಂಗಳೂರಿನ ಕ್ರೈಸ್ತ ಪರಂಪರೆಗಳ ಹಿನ್ನೆಲೆಯಲ್ಲೂ ಇದೆ. 1834ರಲ್ಲಿ ಇಲ್ಲಿಗೆ ಬಂದ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ 1830ರಿಂದ 1837ರವರೆಗೆ ಅಧ್ಯಾಪಕನಾಗಿದ್ದ ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟ್, ಆ ಬಳಿಕ ಜರ್ಮನಿಯ ಮ್ಯೋಟ್ಲಿಂಗೆನ್ ಹಳ್ಳಿಯ ಪಾದ್ರಿಯಾಗಿ ಪ್ರಾರ್ಥನೆಯಿಂದ ರೋಗಿಗಳನ್ನು ಗುಣಪಡಿಸುತ್ತಾನೆಂದು ಪ್ರಸಿದ್ಧನಾದಾಗ, ಅವನನ್ನು ತಡೆದದ್ದು ಅವನದೇ ಸಭೆಯ ಆಡಳಿತ: ರೋಗಿಗಳನ್ನು ವೈದ್ಯರ ಬಳಿಗೆ ಕಳಿಸಬೇಕೆಂದು ಅದು ಸೂಚಿಸಿತು. ಕಥೋಲಿಕರ ಜೆಸ್ವಿಟ್ ಸಂಘದ ಪಾದ್ರಿ ಅಗಸ್ಟಸ್ ಮುಲ್ಲರ್ ಅವರಾದರೋ ಮಂಗಳೂರಿನಲ್ಲಿ 1880ರಲ್ಲಿ ಹೋಮಿಯೋಪಥಿ ಔಷಧಿಯನ್ನು ಬಡವರಿಗೆ ಕೊಡಲಾರಂಭಿಸಿ, ಮುಂದೆ ಅಲ್ಲಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು. ಅದೇ ಕಥೋಲಿಕ ಪರಂಪರೆಯ ಭಕ್ತರು ಮಂಗಳೂರಿನದೇ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹರಕೆ ಹೊತ್ತು ಬರುತ್ತಾರೆ, ಅನ್ಯಧರ್ಮೀಯರೂ ಬರುತ್ತಾರೆ. ಔಷಧಿ, ಹರಕೆಗಳೆರಡೂ ಒಂದೇ ಊರಿನಲ್ಲಿ ಜಗಳವಿಲ್ಲದೆ ನಡೆದುಬಂದಿರುವುದನ್ನು ವಿರೋಧಾಭಾಸವೆಂದು ಕರೆಯುವ ವಿಮರ್ಶಕರು ಹೊಸ ಒಡಂಬಡಿಕೆಯಲ್ಲೇ ಇರುವ ಈ ಭಿನ್ನ ಪ್ರತಿಕ್ರಿಯೆಗಳನ್ನು ಲಕ್ಷ್ಯಕ್ಕೆ ತಂದುಕೊಂಡಂತಿಲ್ಲ.

ಕಥೋಲಿಕ ಸಭೆಯಾದರೂ ಭಕ್ತರ ಹೇಳಿಕೆಯನ್ನು ಸುಮ್ಮನೆ ಒಪ್ಪುವುದಿಲ್ಲ. 1921ರಲ್ಲಿ ಮಂಗಳೂರಿನಲ್ಲಿ ಬೆಥನಿ ಸಹೋದರಿಯರ ಸಂಸ್ಥೆಯನ್ನು ಸ್ಥಾಪಿಸಿದ, ಈಗ 'ದೇವರ ಸೇವಕ' ಎಂಬ ಬಿರುದುಳ್ಳ ರೇಮಂಡ್ ಮಸ್ಕರೇನಸ್ ಅವರಂಥವರನ್ನು ಸಂತಪದವಿಯ ಹಿಂದಿನ ಮೆಟ್ಟಿಲಾದ 'ಧನ್ಯ' ಪದವಿಗೆ ಏರಿಸಬೇಕಾದರೂ, ಅವರ ಮಧ್ಯಸ್ಥಿಕೆಯಿಂದ ಆದ ಗುಣವು ವೈದ್ಯಶಾಸ್ತ್ರದಿಂದ ವಿವರಿಸಲಾಗದ್ದೆಂದು ವೈದ್ಯಮಂಡಳಿ ಪರಿಶೀಲಿಸಿ ಹೇಳಬೇಕು. ಈ ದೃಷ್ಟಿಯಿಂದ ನೋಡಿದರೆ, ಫರಿಸಾಯರು ಸಾಕ್ಷಿಗಳನ್ನು ಕರೆಸಿದ್ದು ತಪ್ಪೆನಿಸುವುದಿಲ್ಲ. ಸಾಕ್ಷ್ಯ ಕೇಳಿದ ಮೇಲೆ ಸಾಕ್ಷಿಯನ್ನು ಹೊರಹಾಕಿದ್ದೇ ತಪ್ಪು.