ನಿಲ್ಲುವ ಹಾರೈಕೆ

ಕೈಯಾರೆ ಮಾಡಿದ ಶುಭಾಶಯ ಪತ್ರ ಕೈಗೆ ಬಂದರೆ ಎಲ್ಲರೂ ಮೊದಲು ಚಿತ್ರ ನೋಡುತ್ತಾರೆ. ನಾನು ಮಡಿಕೆ ನೋಡುತ್ತೇನೆ. ಚಿತ್ರ ಸುಮಾರಾಗಿದ್ದರೂ ಮಡಿಕೆ ಸರಿಯಿದ್ದರೆ ಕಾರ್ಡು ಟೀವಿಯ ಪಕ್ಕದಲ್ಲೋ ಶೋಕೇಸಿನಲ್ಲೋ ವಾರಗಟ್ಟಲೆ ನೆಟ್ಟಗೆ ನಿಂತಿರುತ್ತದೆ. ಮಡಿಕೆ ಕೆಟ್ಟಿತೋ, ಚಿತ್ರ ಎಷ್ಟೇ ಚೆಂದವಿರಲಿ, ಎರಡು ದಿನಕ್ಕೆ ಮುಂದಕ್ಕೆ ಬಾಗಿ, ಮಕಾಡೆ ಬಿದ್ದು, ಹಬ್ಬ ಕಳೆಯುವುದರೊಳಗೆ ಹಳೇ ಪೇಪರಿನ ಕಟ್ಟು ಸೇರುತ್ತದೆ. ಮಗುವೊಂದು ನಾಲಗೆ ಕಚ್ಚಿಕೊಂಡು ಸಂಜೆಯೆಲ್ಲ ಕೂತು ಅಜ್ಜಿಗೆಂದು ಮಾಡಿದ್ದು ಹಾಗೆ ಬೀಳುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಅದನ್ನು ತಡೆಯುವ ವಿದ್ಯೆ ಬಲು ಚಿಕ್ಕದು. ಒಂದು ಮಧ್ಯಾಹ್ನದಲ್ಲಿ ಯಾರಿಗೂ ಕಲಿಸಿಬಿಡಬಹುದು.

ಕಾಗದಕ್ಕೆ ಎಳೆಯ ದಿಕ್ಕು ಎಂಬುದೊಂದಿದೆ. ಕಾರ್ಖಾನೆಯಲ್ಲಿ ನೀರಾದ ತಿರುಳು ಓಡುವ ಜಾಲರಿಯ ಮೇಲೆ ಹರಿದು ಹಾಳೆಯಾಗುವಾಗ ನಾರುಗಳಲ್ಲಿ ಹೆಚ್ಚಿನವು ಜಾಲರಿ ಓಡುವ ಕಡೆಗೇ ಮಲಗಿಕೊಳ್ಳುತ್ತವೆ. ಓದಿ ಮುಗಿಸಿದ ದಿನಪತ್ರಿಕೆಯ ಹಾಳೆಯೊಂದನ್ನು ಹರಿದು ನೋಡಿ: ಮೇಲಿಂದ ಕೆಳಕ್ಕೆ ಹರಿದರೆ ನೇರವಾಗಿ ಸೀಳುತ್ತದೆ, ಅಡ್ಡ ಹರಿದರೆ ಎತ್ತೆತ್ತಲೋ ಹೋಗುತ್ತದೆ. ಎಳೆಯ ದಿಕ್ಕಿಗೆ ಮಡಚಿದ ಹಾಳೆಯ ಅಂಚು ನುಣುಪಾಗಿರುತ್ತದೆ. ಅಡ್ಡ ಮಡಚಿದರೆ ನಾರು ಮುರಿದು, ಬಣ್ಣದ ಹಾಳೆಯಾದರೆ ಮಡಿಕೆಯ ಉದ್ದಕ್ಕೂ ಬಿಳಿ ಬಿರುಕು ಕಾಣಿಸಿಕೊಳ್ಳುತ್ತದೆ.

ಬಿರುಕು ಹೇಗೋ ಸಹಿಸಬಹುದು. ದೊಡ್ಡ ತೊಂದರೆ ತೇವದ್ದು. ನಾರು ತೇವ ಹೀರಿದಾಗ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ದಪ್ಪಕ್ಕೆ ಉಬ್ಬುತ್ತದೆ. ಹಾಗಾಗಿ ಹಾಳೆ ಸುರುಳಿಗೊಳ್ಳುವುದು ಎಳೆಯ ಸುತ್ತ. ಎಳೆ ಮಡಿಕೆಯ ಜೊತೆಗೇ ಕೆಳಗಿಂದ ಮೇಲಕ್ಕೆ ಹೋಗಿದ್ದರೆ, ಪುಟ ತುಸು ಕಮಾನಾದರೂ ನಿಂತೇ ಇರುತ್ತದೆ. ಆ ಕಮಾನೇ ಅದಕ್ಕೆ ಇನ್ನಷ್ಟು ಬಿಗಿ ಕೊಡುತ್ತದೆ. ಎಳೆ ಅಡ್ಡಡ್ಡ ಇದ್ದರೆ ಮೇಲಿನ ಅಂಚು ತಲೆ ತಗ್ಗಿಸುತ್ತ ಬರುತ್ತದೆ. ಬಿಸಿಲೂರಿನಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಮಂಗಳೂರಿಗೋ ತೀರ್ಥಹಳ್ಳಿಗೋ ಕಳಿಸಿದ ಕಾರ್ಡಿನ ಹಣೆಬರಹವನ್ನು ಮಾತ್ರ ಎಳೆಯೇ ಬರೆಯುತ್ತದೆ.

ಅಂಗಡಿಯ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಸಾಮಾನ್ಯವಾಗಿ ಎಳೆ ಉದ್ದಕ್ಕೇ ಇರುತ್ತದೆ. ನಂಬಿಕೆಯಿಲ್ಲದಿದ್ದರೆ ಮಡಚದೆ ಎರಡು ಕಡೆಯಿಂದಲೂ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ಕಡೆ ಮಡಚುವುದೇ ಸರಿ. ಮಕ್ಕಳು ಸಾಧಾರಣವಾಗಿ ಇಡೀ ಹಾಳೆಯನ್ನು ನಡುವೆ ಮಡಚಿ ದೊಡ್ಡ ಕಾರ್ಡು ಮಾಡುತ್ತಾರೆ. ಆಗ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ಅದೇ ಹಾಳೆಯನ್ನು ಮೊದಲು ನಡುವೆ ಕತ್ತರಿಸಿ, ಆಮೇಲೆ ಒಂದೊಂದು ಅರ್ಧವನ್ನೂ ಮಡಚಿದರೆ 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರದ ಎರಡು ಕಾರ್ಡುಗಳಾಗುತ್ತವೆ, ಎರಡರಲ್ಲೂ ಮಡಿಕೆ ಎಳೆಯ ದಿಕ್ಕಿನಲ್ಲೇ ಇರುತ್ತದೆ. ಅರ್ಧ ಮಾಡುತ್ತ ಹೋದರೂ ಉದ್ದಗಲದ ಪ್ರಮಾಣ ಬದಲಾಗದಂತೆ ಈ ಅಳತೆಗಳನ್ನು ಜರ್ಮನಿ 1922ರಲ್ಲಿ ತನ್ನ ಮಾನಕವಾಗಿ ಗೊತ್ತುಮಾಡಿತು. ದೊಡ್ಡ ಹಾಳೆಯಲ್ಲಿ ಬಿಡಿಸಿ ನೋಡಿದ ಚಿತ್ರ ಸಣ್ಣ ಕಾರ್ಡಿಗೂ ಹಾಗೇ ಹೊಂದುತ್ತದೆಂಬುದು ಮಕ್ಕಳಿಗೆ ಅದರಿಂದ ಆದ ಉಪಕಾರ.

ಝೆರಾಕ್ಸ್ ಹಾಳೆ ಸಾಲದು. 75–80 ಜಿಎಸ್‌ಎಂ ಕಾಗದ ನಿಲ್ಲಲಾರದು. 200ರಿಂದ 250 ಜಿಎಸ್‌ಎಂ ಇರುವ ಐವರಿ ಶೀಟೋ ಡ್ರಾಯಿಂಗ್ ಶೀಟೋ ಬೇಕು. ಅಷ್ಟು ದಪ್ಪದ ಹಾಳೆಯನ್ನು ಮಡಚುವ ಮೊದಲು ಗೀರು ಹಾಕಬೇಕು. ಅದಕ್ಕೆ ರೀಫಿಲ್ ಮುಗಿದ ಬಾಲ್‌ಪೆನ್ನು, ಒಂದು ಸ್ಟೀಲ್ ಸ್ಕೇಲು, ಅಡಿಯಲ್ಲಿ ಮೆತ್ತಗೆ ಒಂದಷ್ಟು ಹಳೇ ಪೇಪರು ಇದ್ದರೆ ಆಯಿತು. ಗೀರಿದ ಬದಿ ಹೊರಗೆ ಉಳಿಯುವಂತೆ ಮಡಚಬೇಕು. ಹಿಂದುಗಡೆ ಎದ್ದ ಸಣ್ಣ ಏಣು ಆಗ ಮಡಿಕೆಯ ಒಳಗೆ ಸೇರುತ್ತದೆ, ಹೊರಮೈಯ ನಾರಿಗೆ ಎಳೆತ ಬೀಳುವುದಿಲ್ಲ. ಗೀರು ಒಳಗಾಗುವಂತೆ ಮಡಚುವುದೇ ಹೆಚ್ಚಿನವರಿಗೆ ರೂಢಿ, ಯಾಕೆಂದರೆ ಕೈಗೆ ಅದೇ ಸಹಜ ಅನಿಸುತ್ತದೆ. ಮಡಚಿದ ಮೇಲೆ ಚಮಚದ ಬೆನ್ನಿನಿಂದ ಒಂದು ಸಲ ಒತ್ತಿ ಎಳೆದರೆ ಮುಗಿಯಿತು.

ಇಷ್ಟೆಲ್ಲ ಯಾಕೆ ಎಂದರೆ, ಶುಭಾಶಯ ಪತ್ರ ಓದಿ ಮಡಚಿಡುವ ವಸ್ತುವಲ್ಲ. ನಾವು ಹೋಗಿ ಇರಲಾಗದ ಮನೆಯಲ್ಲಿ ನಮ್ಮ ಬದಲು ನಿಲ್ಲುವುದು ಅದು. ಆಸ್ಪತ್ರೆಯಿಂದ ಮನೆಗೆ ಬಂದ ಚಿಕ್ಕಪ್ಪನ ಮಂಚದ ಪಕ್ಕ, ಮಗಳನ್ನು ದೂರದೂರಿಗೆ ಕಳಿಸಿದ ಮನೆಯ ಹಜಾರದಲ್ಲಿ, ಹೊಸದಾಗಿ ಬಾಡಿಗೆಗೆ ಹಿಡಿದ ಖಾಲಿ ಕೋಣೆಯ ಕಿಟಕಿಕಟ್ಟೆಯಲ್ಲಿ ಅದಕ್ಕೆ ಕೆಲಸವಿದೆ. ಆ ಕೆಲಸ ಮಾಡಲು ಮೊದಲು ಅದು ನಿಲ್ಲಬೇಕು.

ಜಗತ್ತಿನ ಮೊದಲ ಮುದ್ರಿತ ಕ್ರಿಸ್ಮಸ್ ಕಾರ್ಡಿಗೆ ಈ ಮಡಿಕೆ ಇರಲಿಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿಯಿಂದ ಬರೆಸಿದ ಆ ಕಾರ್ಡು ಒಂದೇ ಗಟ್ಟಿ ಹಾಳೆ. ನಡುವೆ ಊಟಕ್ಕೆ ಕೂತ ಕುಟುಂಬ, ಎರಡು ಬದಿಯಲ್ಲಿ ಬಡವರಿಗೆ ಅನ್ನ, ಬಟ್ಟೆ ಕೊಡುವ ಚಿತ್ರ. ಯಾರಿಗೆ, ಯಾರಿಂದ ಎಂದು ತುಂಬಲು ಖಾಲಿ ಜಾಗ. ಬೆಲೆ ಒಂದು ಶಿಲ್ಲಿಂಗ್. ಅಲ್ಲಿ ಒಂದು ಪೆನ್ನಿಯ ಅಂಚೆ 1840ರಲ್ಲಿ ಶುರುವಾಗಿತ್ತು, ಅದರ ಜಾರಿಗೆ ದುಡಿದವರಲ್ಲಿ ಕೋಲ್ ಕೂಡ ಒಬ್ಬ. ಶಿಲ್ಲಿಂಗಿಗೆ ಹನ್ನೆರಡು ಪೆನ್ನಿ. ಒಂದು ಕಾರ್ಡಿನ ದುಡ್ಡಿಗೆ ಹನ್ನೆರಡು ಕಾಗದ ಅಂಚೆಗೆ ಹಾಕಬಹುದಿತ್ತು. ಹಬ್ಬಕ್ಕೆ ಬರುವ ರಾಶಿ ಪತ್ರಗಳಿಗೆಲ್ಲ ಉತ್ತರ ಬರೆಯಲು ಬಿಡುವಿಲ್ಲದ್ದಕ್ಕೆ ಅವನು ಕಂಡುಕೊಂಡ ದಾರಿ ಅದು. ಮುದ್ರಿತ ಕಾರ್ಡು ಹುಟ್ಟಿದ್ದೇ ಸಮಯ ಉಳಿಸಲು. ಕೈಯಲ್ಲಿ ಮಾಡುವ ಕಾರ್ಡು ಉಳಿಸಿದ ಆ ಸಮಯವನ್ನು ತಿರುಗಿ ಕೊಡುತ್ತದೆ. ಒಬ್ಬರನ್ನು ನೆನೆಯುತ್ತ ಅಳೆದು, ಗೀರಿ, ಕತ್ತರಿಸಿ, ಅಂಟಿಸಿ ಕಳೆದ ಹೊತ್ತು ಅದರ ಮೈಯಲ್ಲೇ ಇರುತ್ತದೆ. ಪಡೆದವರು ಅದನ್ನು ಬೆರಳಿನಿಂದ ಮುಟ್ಟಿ ನೋಡುವುದು ಅದಕ್ಕೇ ಎಂದು ನಾನು ನಂಬುತ್ತೇನೆ.

ಮಡಿಕೆ ಬಂದಮೇಲೆ ಕಾರ್ಡಿಗೆ ಹೊರಗು, ಒಳಗು ಎರಡೂ ಬಂದವು. ಮಡಿಕೆ ಬಾಗಿಲಿದ್ದ ಹಾಗೆ. ಮುಂದಿನ ಪುಟವನ್ನು ಹಾಲಿನವನೂ ನೋಡುತ್ತಾನೆ, ನೆಂಟರೂ ನೋಡುತ್ತಾರೆ. ಒಳಗಿನ ಮಾತು ಒಬ್ಬರಿಗೆ. ಇದು ಹೊಳೆದರೆ ಏನನ್ನು ಎಲ್ಲಿ ಬರೆಯಬೇಕೆಂಬುದು ತಾನಾಗಿ ತಿಳಿಯುತ್ತದೆ. ಮುಂದೆ ಬಣ್ಣ, ಹಬ್ಬ, ಹೂವು, ಒಂದೇ ಒಂದು ದೊಡ್ಡ ಅಕ್ಷರದ ಹಾರೈಕೆ. ಕೋಣೆಯ ಆ ತುದಿಯಿಂದ ಕಾಣಬೇಕಾದ್ದರಿಂದ ಅಲ್ಲಿ ಸಣ್ಣ ಅಕ್ಷರಕ್ಕೆ ಜಾಗವಿಲ್ಲ. ಒಳಗೆ ಮಾತ್ರ ನೆಮ್ಮದಿಯಾಗಿ ಬರೆಯಿರಿ: ‘ಅತ್ತೆ, ನೀವು ಕೊಟ್ಟ ಕನಕಾಂಬರದ ಗಿಡ ಹೂ ಬಿಟ್ಟಿದೆ.’ ಅಚ್ಚಾದ ಯಾವ ಕಾರ್ಡಿನ ಒಳಗೂ ಈ ಸಾಲು ಸಿಗುವುದಿಲ್ಲ. ‘ಹಾರ್ದಿಕ ಶುಭಾಶಯಗಳು’ ಎಂದಷ್ಟೇ ಒಳಗೂ ಬರೆಯುವುದಾದರೆ ಅಂಗಡಿಯ ಕಾರ್ಡೇ ಸಾಕಿತ್ತು. ನಮ್ಮಲ್ಲಿ ಸಂಕ್ರಾಂತಿಗೆ ಮಕ್ಕಳು ಸಿನಿಮಾ ನಟರ ಚಿತ್ರವಿರುವ ಗ್ರೀಟಿಂಗ್ಸ್ ಕೊಂಡು ಎಳ್ಳುಬೆಲ್ಲದ ಜೊತೆ ಹಂಚಿಕೊಳ್ಳುತ್ತಿದ್ದ ಕಾಲದಲ್ಲೂ ಕಾರ್ಡನ್ನು ಬೇರೆ ಬೇರೆ ಮಾಡುತ್ತಿದ್ದದ್ದು ಒಳಗೆ ಗೀಚಿದ ನಾಲ್ಕು ಸಾಲೇ.

ಮಕ್ಕಳಿಗೆ ಒಳಗಿಂದ ಏನಾದರೂ ಎದ್ದು ಬರಬೇಕು ಎಂಬ ಆಸೆ. ಇದಕ್ಕೆ ಮಡಚಿದ ಅಂಚಿನಿಂದ ಒಳಕ್ಕೆ ಸಮನಾಗಿ ಎರಡು ಸೀಳು ಹಾಕಿ, ನಡುವಿನ ಪಟ್ಟಿಯನ್ನು ಒಳಗೆ ತಳ್ಳಿದರೆ ಮೆಟ್ಟಿಲೊಂದು ಏಳುತ್ತದೆ. ಅದರ ಮುಖಕ್ಕೆ ದೀಪವನ್ನೋ ಗುಬ್ಬಿಯನ್ನೋ ಅಂಟಿಸಬಹುದು. ಲೆಕ್ಕ ಒಂದೇ: ಸೀಳಿನ ಆಳ ಪುಟದ ಅಗಲದ ಅರ್ಧಕ್ಕಿಂತ ಕಡಿಮೆ ಇರಬೇಕು. ಕಾರ್ಡು ಮುಚ್ಚಿದಾಗ ಮೆಟ್ಟಿಲು ಸೀಳಿನ ಎರಡರಷ್ಟು ದೂರ ಚಾಚಿಕೊಳ್ಳುತ್ತದೆ, ಆಳ ಹೆಚ್ಚಾದರೆ ಹೊರಗೆ ಇಣುಕುತ್ತದೆ. ಇದನ್ನು ಬಾಯಲ್ಲಿ ಹೇಳುವ ಬದಲು ಮಗುವಿಗೇ ಎರಡು ರದ್ದಿ ಹಾಳೆ ಕೊಟ್ಟು ಕತ್ತರಿಸಿ ನೋಡಲು ಬಿಡಿ. ಕಾರ್ಡಿನ ಬೆನ್ನಲ್ಲಿ ಉಳಿಯುವ ತೂತು ಕಾಣದಂತೆ ಹೊರಗೊಂದು ಹಾಳೆ ಹೊದಿಸಬೇಕು.

ಅಂಟಿನಲ್ಲಿ ಜಿಪುಣತನವೇ ಜಾಣತನ. ನೀರಾದ ಗೋಂದನ್ನೋ ಮೈದಾ ಅಂಟನ್ನೋ ಚಿತ್ರದ ಬೆನ್ನಿಗೆಲ್ಲ ಬಳಿದರೆ ಚಿತ್ರ ಹಿಗ್ಗಿ, ಒಣಗುವಾಗ ಕುಗ್ಗಿ, ಕಾರ್ಡನ್ನೇ ತನ್ನತ್ತ ಎಳೆಯುತ್ತದೆ. ನಾಲ್ಕು ಅಂಚಿಗೆ ತೆಳ್ಳಗೆ ಹಚ್ಚಿ, ರಾತ್ರಿಯೆಲ್ಲ ದಪ್ಪ ಪುಸ್ತಕದ ಕೆಳಗಿಟ್ಟರೆ ಸಾಕು. ಗುಂಡಿ, ಮಣಿ, ಕನ್ನಡಿ ಚೂರುಗಳಂಥ ಭಾರದ ಅಲಂಕಾರವನ್ನು ಕೆಳಭಾಗದಲ್ಲಿ ಇಡಬೇಕು. ಮೇಲಿಟ್ಟರೆ ಫ್ಯಾನಿನ ಗಾಳಿಗೇ ಮುಗ್ಗರಿಸುತ್ತದೆ.

ಕೈಕಾಗದದ ಮಾತೇ ಬೇರೆ. ರಾಜಸ್ಥಾನದ ಸಾಂಗಾನೇರ್ ಅದಕ್ಕೆ ಹೆಸರಾದ ಊರು. ಗಾಂಧೀಜಿಯ ಜೊತೆ ಗ್ರಾಮೋದ್ಯೋಗ ಕಟ್ಟಿದ ಜೆ.ಸಿ. ಕುಮಾರಪ್ಪನವರ ಹೆಸರಿನ ಕೈಕಾಗದ ಸಂಸ್ಥೆಯೂ ಅಲ್ಲೇ ಇದೆ. ಬನಿಯನ್ ಹೊಲಿಯುವಲ್ಲಿ ಉಳಿದ ಹತ್ತಿಬಟ್ಟೆಯ ಚೂರುಗಳನ್ನು ಅರೆದು ಮಾಡುವ ಈ ಹಾಳೆಗೆ ಮರ ಕಡಿಯಬೇಕಿಲ್ಲ. ತಿರುಳಿನಿಂದ ಎತ್ತಿದ ಜಾಲರಿಯನ್ನು ಕೈಯಲ್ಲಿ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸುವುದರಿಂದ ನಾರು ಎಲ್ಲ ಕಡೆಗೂ ಹೆಣೆದುಕೊಳ್ಳುತ್ತದೆ. ಎಳೆಯ ಹಟ ಅದಕ್ಕೆ ಬಹಳ ಕಡಿಮೆ; ಯಾವ ಕಡೆ ಮಡಚಿದರೂ ಒಪ್ಪುತ್ತದೆ. ಮೊದಲ ಸಲ ಮಡಚುವ ಪುಟ್ಟ ಕೈಗೆ ಇದಕ್ಕಿಂತ ಒಳ್ಳೆಯ ಹಾಳೆ ನಾನು ಕಂಡಿಲ್ಲ. ಖಾದಿ ಭಂಡಾರಗಳಲ್ಲಿ ಕೇಳಿ ನೋಡಿ.

ಹಾಳೆಯೇ ಸಿಗದವರೂ ಶುಭಾಶಯ ಬರೆದದ್ದುಂಟು. ಎರಡನೇ ಮಹಾಯುದ್ಧದ ನಂತರ ಜೆಕೊಸ್ಲೊವಾಕಿಯಾದ ಒಂದು ಹಳ್ಳಿಗೆ ಯುನಿಸೆಫ್ ನೆರವು ಬಂದಿತ್ತು. ಅಲ್ಲಿನ ಏಳು ವರ್ಷದ ಹುಡುಗಿ ಜಿತ್ಕಾ ಕೃತಜ್ಞತೆಗೆಂದು ಕಂಬದ ಸುತ್ತ ಕುಣಿಯುವ ಹುಡುಗಿಯರ ಚಿತ್ರ ಬರೆದಳು. ಕಾಗದಕ್ಕೆ ಬರವಿದ್ದದ್ದರಿಂದ ಗಾಜಿನ ತುಂಡಿನ ಮೇಲೆ ಬರೆದಳು. 1949ರಲ್ಲಿ ಯುನಿಸೆಫ್ ತನ್ನ ಮೊದಲ ಶುಭಾಶಯ ಪತ್ರಕ್ಕೆ ಆರಿಸಿಕೊಂಡದ್ದು ಅದೇ ಚಿತ್ರವನ್ನು. ಆಮೇಲೆ ಎಷ್ಟೋ ದೇಶಗಳ ಮಕ್ಕಳ ಹಾಲಿಗೆ, ಔಷಧಿಗೆ ದುಡ್ಡು ತಂದ ಕಾರ್ಡುಗಳ ಸಾಲು ಶುರುವಾದದ್ದು ಒಂದು ಮಗು ಕೈಗೆ ಸಿಕ್ಕಿದ್ದರಲ್ಲಿ ಹೇಳಿದ ಥ್ಯಾಂಕ್ಸಿನಿಂದ. ಮಕ್ಕಳ ಕೈಕೆಲಸವನ್ನು ಹೊತ್ತು ಕಳೆಯುವ ಆಟವೆಂದು ತಳ್ಳಿಹಾಕುವವರಿಗೆ ನಾನು ಈ ಕತೆ ಹೇಳುತ್ತೇನೆ.

ಕಾರ್ಡನ್ನು ಅಂಚೆಯಲ್ಲಿ ಕಳಿಸುವುದಾದರೆ 114 × 162 ಮಿ.ಮೀ. ಲಕೋಟೆ 105 × 148 ಮಿ.ಮೀ. ಕಾರ್ಡಿಗೆ ಸರಿಹೋಗುತ್ತದೆ. ಬಂದ ಕಾರ್ಡನ್ನು ಪೂರ್ತಿ ಬಿಡಿಸದೆ, ಎರಡು ಪುಟಗಳ ನಡುವೆ ಮೂಲೆಮಟ್ಟಕ್ಕಿಂತ ತುಸು ಕಡಿಮೆ ಕೋನ ಇರುವಂತೆ, ಕೂತವರ ಕಣ್ಣಿನ ಎತ್ತರಕ್ಕೆ ಇಡಿ. ನೇರ ಬಿಸಿಲು ಬೀಳುವ ಕಿಟಕಿ ಬೇಡ, ಸ್ಕೆಚ್‌ಪೆನ್ನಿನ ಬಣ್ಣಕ್ಕೆ ಬಿಸಿಲು ಆಗದು. ಗುಲಾಬಿ ಬಣ್ಣವಂತೂ ಬೇಗ ಬಿಳಿಚಿಕೊಳ್ಳುತ್ತದೆ. ಮಾಡುವವರಿಗೂ ಒಂದು ಮಾತಿದೆ: ಕಾರ್ಡಿನ ಹಿಂಬದಿಯ ಕೆಳಮೂಲೆಯಲ್ಲಿ ಹೆಸರು, ಊರು, ಇಸವಿ ಹಾಕಿ. ಮುಂದೆ ಯಾವಾಗಲೋ ಟ್ರಂಕು ತೆರೆದಾಗ ‘ಪ್ರೀತಿಯ ಪುಟ್ಟಿ’ ಯಾವ ವಯಸ್ಸಿನ ಪುಟ್ಟಿ ಎಂದು ಮನೆಯವರೆಲ್ಲ ಲೆಕ್ಕ ಹಾಕುತ್ತ ಕೂರಬಾರದಲ್ಲ. ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ಸಿಲಿನ ಸೀಸ ಇಂಗಾಲ, ಶಾಯಿ ಮಾಸಿದರೂ ಅದು ಮಾಸುವುದಿಲ್ಲ.